ರೈಫಲ್ ಗುಂಡಿಗೆ ಒಣ ಲೇಪನ: ಲಾಭವೆಷ್ಟು, ಅಪಾಯವೆಷ್ಟು?

ಜೀಪು, ಟ್ರ್ಯಾಕ್ಟರ್ ರಿಪೇರಿ ಮಾಡುವವರಿಗೆ ಮಾಲಿ ಗ್ರೀಸ್ ಹೊಸತಲ್ಲ. ಅದಕ್ಕೆ ಕಪ್ಪು ಬಣ್ಣ ಕೊಡುವ ಪುಡಿಯ ಹೆಸರು ಮಾಲಿಬ್ಡಿನಮ್ ಡೈಸಲ್ಫೈಡ್. ಇದೇ ಪುಡಿಯನ್ನು ರೈಫಲ್ ಗುಂಡಿಗೆ ಲೇಪಿಸಿದರೆ ನಳಿಗೆ ಹೆಚ್ಚು ಕಾಲ ಬಾಳುತ್ತದೆ, ಗುರಿಯೂ ಸುಧಾರಿಸುತ್ತದೆ ಎಂಬ ನಂಬಿಕೆ 1990ರ ದಶಕದಲ್ಲಿ ಅಮೆರಿಕದ ಗುರಿಕಾರರಲ್ಲಿ ಹಬ್ಬಿತು. ಸ್ವೀಡನ್ನಿನ ನಾರ್ಮಾ ಕಂಪನಿಯೂ ಇಂಥ ಕಾಡತೂಸುಗಳನ್ನು ಮಾರಾಟಕ್ಕೆ ತಂದಿತು. ಆದರೆ ಆ ಉತ್ಸಾಹ ಹೆಚ್ಚು ಕಾಲ ಉಳಿಯಲಿಲ್ಲ.

ಲೇಪನ ಯಾಕೆ?

ಸಾಮಾನ್ಯ ರೈಫಲ್ ಗುಂಡಿನ ಒಳಗೆ ಸೀಸ, ಹೊರಗೆ ತಾಮ್ರ ಮತ್ತು ಸತು ಬೆರೆತ ಕವಚ ಇರುತ್ತದೆ. ಗುಂಡು ನಳಿಗೆಯ ಸುರುಳಿ ಗೆರೆಗಳನ್ನು ಉಜ್ಜಿಕೊಂಡು ಸಾಗುವಾಗ ತಾಮ್ರ ಅಲ್ಲಲ್ಲಿ ಅಂಟಿಕೊಳ್ಳುತ್ತದೆ. ಅದು ಹೆಚ್ಚಾದರೆ ಗುರಿ ಕೆಡುತ್ತದೆ, ಉಜ್ಜಿ ತೆಗೆಯುವ ಕೆಲಸವೂ ಹೆಚ್ಚುತ್ತದೆ.

ಈ ತೊಂದರೆ ಹಳೆಯದು. 1921ರಲ್ಲಿ ಅಮೆರಿಕದ ರಾಷ್ಟ್ರೀಯ ಗುರಿ ಸ್ಪರ್ಧೆಗೆ ತವರ ಲೇಪಿಸಿದ ಗುಂಡುಗಳನ್ನು ಕೊಡಲಾಗಿತ್ತು. ತವರ ಕಾಡತೂಸಿನ ಹಿತ್ತಾಳೆ ಕೊರಳಿಗೆ ಬೆಸೆದುಕೊಂಡಿತು. ಅದರ ಮೇಲೆ ಕೆಲವರು ಗ್ರೀಸನ್ನೂ ಹಚ್ಚಿದ್ದರಿಂದ ಒತ್ತಡ ಅಪಾಯದ ಮಟ್ಟಕ್ಕೆ ಏರಿತು. ಮುಂದೆ ಕವಚದ ಲೋಹವನ್ನೇ ಬದಲಿಸಿ ಅಂಟುವಿಕೆಯನ್ನು ಕಡಿಮೆ ಮಾಡಲಾಯಿತು.

ಮೂರು ಬಗೆಯ ಪುಡಿ

ಮಾಲಿಯ ಜೊತೆಗೆ ಟಂಗ್‌ಸ್ಟನ್ ಡೈಸಲ್ಫೈಡ್ ಮತ್ತು ಬೋರಾನ್ ನೈಟ್ರೈಡ್ ಕೂಡ ಬಳಕೆಯಲ್ಲಿವೆ. ಮೂರರಲ್ಲೂ ಕಣಗಳು ಹಾಳೆಯ ಮೇಲೆ ಹಾಳೆ ಇಟ್ಟಂತೆ ಜೋಡಣೆಯಾಗಿದ್ದು, ಒಂದರ ಮೇಲೊಂದು ಸುಲಭವಾಗಿ ಜಾರುತ್ತವೆ. ಮೊದಲ ಎರಡರಲ್ಲಿ ಗಂಧಕವಿದೆ. ಬೋರಾನ್ ನೈಟ್ರೈಡ್ ಬಿಳಿ; ಅದರಲ್ಲಿ ಗಂಧಕವಿಲ್ಲ, ಕೈಗೆ ಮಸಿಯೂ ಆಗದು, ಮಾಲಿಗಿಂತ ಹೆಚ್ಚು ಬಿಸಿಯನ್ನೂ ತಡೆಯುತ್ತದೆ.

ಹೇಳಿಕೆ ಮತ್ತು ವಾಸ್ತವ

ವೇಗ ಹೆಚ್ಚುತ್ತದೆ ಎಂಬುದು ತಪ್ಪು. ಅದೇ ಪ್ರಮಾಣದ ಮದ್ದಿಗೆ ವೇಗ ಸಾಮಾನ್ಯವಾಗಿ ಸ್ವಲ್ಪ ಇಳಿಯುತ್ತದೆ. ಕುಕ್ಕರಿನ ಸೀಟಿ ಹಗುರವಾದರೆ ಒಳಗಿನ ಒತ್ತಡ ಏರುವ ಮೊದಲೇ ಹಬೆ ಹೊರಬೀಳುವಂತೆ, ಜಾರುವ ಗುಂಡು ಬೇಗ ಮುಂದೆ ಸರಿದು ಒತ್ತಡ ಕಡಿಮೆಯಾಗುತ್ತದೆ.

ನಳಿಗೆಯ ಆಯುಷ್ಯ ಹೆಚ್ಚುತ್ತದೆ ಎಂಬುದನ್ನೂ ಒಪ್ಪುವುದು ಕಷ್ಟ. ನಳಿಗೆ ಮೊದಲು ಸವೆಯುವುದು ಕಾಡತೂಸು ಕೂರುವ ಜಾಗದ ಮುಂಭಾಗದಲ್ಲಿ. ಅದಕ್ಕೆ ಮುಖ್ಯ ಕಾರಣ ಉರಿಯುವ ಮದ್ದಿನ ಬಿಸಿ ಅನಿಲ, ಗುಂಡಿನ ಉಜ್ಜುವಿಕೆ ಅಲ್ಲ. ಇಳಿದ ವೇಗವನ್ನು ಮರಳಿ ಪಡೆಯಲು ಮದ್ದು ಹೆಚ್ಚಿಸಿದರೆ ಬಿಸಿಯೂ ಹೆಚ್ಚುತ್ತದೆ.

ಶುಚಿ ಮಾಡದೆ ಹೆಚ್ಚು ಗುಂಡು ಹಾರಿಸಬಹುದು ಎಂಬುದರಲ್ಲಿ ಸತ್ಯಾಂಶವಿದೆ. ಒಂದೇ ದಿನ ನೂರಾರು ಗುಂಡು ಹಾರಿಸುವವರಿಗೆ ಇದು ನಿಜವಾದ ಅನುಕೂಲ.

ಎಚ್ಚರ ಬೇಕಾದಲ್ಲಿ

ಲೇಪಿತ ಗುಂಡಿಗೆಂದು ಹೆಚ್ಚಿಸಿದ ಮದ್ದಿನ ಪ್ರಮಾಣವನ್ನು ಲೇಪನವಿಲ್ಲದ ಗುಂಡಿಗೆ ಬಳಸಿದರೆ ಒತ್ತಡ ಮಿತಿ ಮೀರಬಹುದು. ನಳಿಗೆಯಲ್ಲಿ ಉಳಿದ ಮಾಲಿ ಪದರ ಸಾಮಾನ್ಯ ದ್ರಾವಕಕ್ಕೆ ಸುಲಭವಾಗಿ ಬಿಡುವುದಿಲ್ಲ. ತೇವ ಸೇರಿದರೆ ತುಕ್ಕಿಗೂ ದಾರಿಯಾಗಬಹುದು. ಮಳೆ ಹೆಚ್ಚಿರುವ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ಶುಚಿ ಮಾಡಿದ ನಳಿಗೆಯಲ್ಲಿ ಪದರ ಮತ್ತೆ ಕೂರುವವರೆಗೆ ಮೊದಲ ಕೆಲವು ಗುಂಡುಗಳು ಬೇರೆ ಕಡೆ ಬೀಳುವುದೂ ಉಂಟು.

ನಮ್ಮ ಕಡೆಗೆ ಎಷ್ಟು ಸಂಬಂಧ?

ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಪಾಯಿಂಟ್ 22 ಕಾಡತೂಸು ಬಳಸುತ್ತಾರೆ. ಅದರ ಸೀಸದ ಗುಂಡಿಗೆ ಕಾರ್ಖಾನೆಯಲ್ಲೇ ಮೇಣ ಅಥವಾ ಗ್ರೀಸ್ ಸವರಿರುತ್ತಾರೆ. ಚರೆ ಹಾರಿಸುವ 12 ಬೋರ್ ಕೋವಿಯ ನಳಿಗೆಯಲ್ಲಿ ಸುರುಳಿ ಗೆರೆಗಳೇ ಇರುವುದಿಲ್ಲ. ಆದ್ದರಿಂದ ಬೆಳೆ ಕಾವಲಿಗೆ ಲೈಸೆನ್ಸ್ ಕೋವಿ ಇಟ್ಟುಕೊಂಡ ರೈತರಿಗೆ ಈ ಲೇಪನ ಬೇಕಿಲ್ಲ. ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವುದು 1959ರ ಆಯುಧ ಕಾಯ್ದೆಯಡಿ ಅಪರಾಧ ಎಂಬುದನ್ನೂ ಮರೆಯುವಂತಿಲ್ಲ.

ಒಟ್ಟಿನಲ್ಲಿ, ದಿನವಿಡೀ ಗುಂಡು ಹಾರಿಸುವ ಸ್ಪರ್ಧಿಗೆ ಲೇಪನದಿಂದ ಸ್ವಲ್ಪ ಅನುಕೂಲವಿದೆ. ಉಳಿದವರಿಗೆ ನಳಿಗೆಯನ್ನು ಬಿಸಿಯಾಗಲು ಬಿಡದೆ, ಆಗಾಗ ಸರಿಯಾಗಿ ಶುಚಿ ಮಾಡಿ, ಒಣಗಿಸಿ, ತೆಳುವಾಗಿ ಎಣ್ಣೆ ಹಚ್ಚಿಡುವುದೇ ಕಡಿಮೆ ಖರ್ಚಿನ, ಹೆಚ್ಚು ಫಲದ ದಾರಿ.