ಖಾಲಿ ಗುಡ್ಡ ಅಂತ ಯಾವುದೂ ಇಲ್ಲ

ಬೆಂಗಳೂರಿಂದ ಹುಬ್ಬಳ್ಳಿಗೆ ಹೋಗುವಾಗ ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನ ನೋಡಿರ್ತೀರಿ. ಅವು ಗುಡ್ಡದ ನೆತ್ತಿಯನ್ನೇ ಹುಡುಕೋದಕ್ಕೆ ಲೆಕ್ಕ ಸರಳ: ಗಾಳಿಯ ವೇಗ 2 ಪಟ್ಟಾದರೆ ಅದರ ಶಕ್ತಿ 8 ಪಟ್ಟು.

ಆದರೆ ಬರೀ ಕಂಬ ಮೇಲೇರೋದಿಲ್ಲ. ರೆಕ್ಕೆ ಹೊತ್ತ ಉದ್ದನೆಯ ಲಾರಿ ತಿರುಗೋಕೆ ಅಗಲವಾದ ರಸ್ತೆ ಬೇಕು, ಕ್ರೇನ್ ನಿಲ್ಲೋಕೆ ನೆಲ ಸಮ ಮಾಡಬೇಕು. ಗದಗದ ಕಪ್ಪತಗುಡ್ಡವನ್ನೇ ನೋಡಿ. ದೂರಕ್ಕೆ ಬೋಳು ಗುಡ್ಡ. ಹತ್ತಿರ ಹೋದರೆ ಔಷಧಿ ಗಿಡಗಳು, ತೋಳ, ಕುರಿ ಮೇಯುವ ಹುಲ್ಲು. ಅದು ವನ್ಯಜೀವಿಧಾಮ ಅಂತ ಘೋಷಣೆಯಾದದ್ದು 2019ರಲ್ಲಿ. ಅಷ್ಟೊತ್ತಿಗೆ ಅಲ್ಲಿ ಗಾಳಿಯಂತ್ರಗಳು ತಿರುಗ್ತಿದ್ದವು.

ಅಂತರಸಂತೆ ಕಡೆಯ ನಮಗೆ ಈ ಕಥೆ ಹೊಸದಲ್ಲ. ನಮ್ಮಲ್ಲಿಗೆ ಬಂದದ್ದು ಗಾಳಿಯಂತ್ರ ಅಲ್ಲ, ಕಬಿನಿ ಅಣೆಕಟ್ಟು. 1974ರಲ್ಲಿ ಅದು ಮುಗಿಯಿತು. ಕೆಳಗಿನ ಗದ್ದೆಗಳಿಗೆ ನೀರು ಹೋಯಿತು, ಮೇಲೆ ಊರೂ ಕಾಡೂ ಮುಳುಗಿದವು, ಜೇನುಕುರುಬರು ನೆಲೆ ಕಳ್ಕೊಂಡರು.

ಗಾಳಿ ಕರೆಂಟು ಬೇಡ ಅಂತಲ್ಲ. ಕಲ್ಲಿದ್ದಲು ಸುಡೋದಕ್ಕಿಂತ ಅದೇ ವಾಸಿ. ನಮ್ಮ ಲ್ಯಾಪ್‌ಟಾಪಿಗೂ ಕರೆಂಟು ಎಲ್ಲಿಂದಲೋ ಬರಲೇಬೇಕು. ಆದರೆ ನಕ್ಷೆಯಲ್ಲಿ ಖಾಲಿ ಕಾಣುವ ಗುಡ್ಡಕ್ಕೆ ಗುರುತು ಹಾಕೋ ಮೊದಲು, ಅಲ್ಲಿ ಕುರಿ ಮೇಯಿಸೋರನ್ನ ಒಂದು ಮಾತು ಕೇಳಬೇಕು. ಮುಳುಗಿದ ಮೇಲೆ ಕೇಳಿ ಏನು ಪ್ರಯೋಜನ ಅಂತ ಕಬಿನಿ ನಮಗೆ ತೋರಿಸಿಯಾಗಿದೆ.