ರಾಜಶೇಖರನ ಹರಣವಿಚಾರ

ಅನ್ಯರ ಬರಹವನ್ನು ತನ್ನದೆಂದು ಪ್ರಕಟಿಸುವ ಪಿಡುಗು ಅಚ್ಚಿನ ಯಂತ್ರದೊಡನೆ ಪಶ್ಚಿಮದಿಂದ ಬಂದುದೆಂಬ ಭಾವನೆ ವಿದ್ವಾಂಸರಲ್ಲಿಯೂ ಕೆಲಮಟ್ಟಿಗೆ ಉಂಟು. ಅದು ಸರಿಯಲ್ಲ. ಕನೌಜಿನ ಪ್ರತೀಹಾರ ದೊರೆ ಮಹೇಂದ್ರಪಾಲನಿಗೆ ಗುರುವಾಗಿದ್ದ ರಾಜಶೇಖರನು ತನ್ನ 'ಕಾವ್ಯಮೀಮಾಂಸೆ'ಯ 11ರಿಂದ 13ನೆಯ ಅಧ್ಯಾಯಗಳನ್ನು ಈ ವಿಷಯಕ್ಕೇ ಮೀಸಲಿಟ್ಟಿದ್ದಾನೆ. ಹತ್ತನೆಯ ಶತಮಾನದ ಈ ಗ್ರಂಥವು 1916ರಲ್ಲಿ ಬರೋಡೆಯ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯ ಪ್ರಥಮ ಸಂಪುಟವಾಗಿ ಬೆಳಕು ಕಂಡಿತು.

ಆತನ ಪಾರಿಭಾಷಿಕ ಪದ 'ಹರಣ'. ಪದ, ಪಾದ, ಶ್ಲೋಕಾರ್ಧ, ಪೂರ್ಣಶ್ಲೋಕ, ಪ್ರಬಂಧ ಎಂದು ಶಬ್ದಹರಣವು ಐದು ತೆರ. ಬೆಲೆ ತೆತ್ತು ಕೊಂಡ ಪದ್ಯವೂ ಹರಣವೇ ಎಂದು ಆತನು ನಿಷ್ಠುರವಾಗಿ ನುಡಿಯುತ್ತಾನೆ; ಕೀರ್ತಿ ಬಾರದಿದ್ದರೂ ಚಿಂತೆಯಿಲ್ಲ, ಅಪಕೀರ್ತಿ ಬೇಡವೆಂಬುದು ಆತನ ನಿಲುವು. ಹಣ ಕೊಟ್ಟು ಸಂಶೋಧನ ಲೇಖನ ಬರೆಯಿಸಿಕೊಳ್ಳುವ ಇಂದಿನವರಿಗೂ ಇದು ಸಲ್ಲುತ್ತದೆ. ಅರ್ಥಹರಣದ ವಿವೇಚನೆ ಇನ್ನೂ ಸೂಕ್ಷ್ಮವಾದುದು. ಅರ್ಥವೆಲ್ಲ ಹಿಂದಿನವನದೇ ಆಗಿ ವಾಕ್ಯರಚನೆ ಮಾತ್ರ ಬೇರೆಯಾದರೆ ಅದು 'ಪ್ರತಿಬಿಂಬಕಲ್ಪ'. ಒಂಬತ್ತನೆಯ ಶತಮಾನದ ಆನಂದವರ್ಧನನೂ ಪ್ರತಿಬಿಂಬದಂತಹ ಸಾಮ್ಯವನ್ನು ತ್ಯಾಜ್ಯವೆಂದೇ ಎಣಿಸಿದ್ದನು.

ರಾಜಶೇಖರನ ಪತ್ನಿ ಅವಂತಿಸುಂದರಿಯ ಮತವನ್ನೂ ಗ್ರಂಥವು ದಾಖಲಿಸಿದೆ. ಕಳ್ಳತನಕ್ಕೆ ಕವಿಗಳು ಕಂಡುಕೊಳ್ಳುವ ಸಮಾಧಾನಗಳನ್ನು ಆಕೆ ಒಂದೊಂದಾಗಿ ಎಣಿಸುತ್ತಾಳೆ: ಆತನು ಅಪ್ರಸಿದ್ಧ, ನಾನು ಪ್ರಸಿದ್ಧ, ಕರ್ತೃ ದೂರದೇಶದವನು, ಮೂಲಕೃತಿ ನಷ್ಟವಾಗಿದೆ, ಅದು ಮ್ಲೇಚ್ಛಭಾಷೆಯದು. ಮಾನವಸ್ವಭಾವವನ್ನು ಇಷ್ಟು ಚೆನ್ನಾಗಿ ಬಲ್ಲ ವಿಮರ್ಶಕಿ ವಿರಳ.

ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2018ರಲ್ಲಿ ಹೊರಡಿಸಿದ ನಿಯಮಾವಳಿಯು ಶೇಕಡಾವಾರು ಲೆಕ್ಕವನ್ನು ಹಿಡಿಯಿತು. ಶೇಕಡಾ 10ರವರೆಗಿನ ಸಾಮ್ಯಕ್ಕೆ ದಂಡವಿಲ್ಲ. ಅಧ್ಯಾಪಕನ ಲೇಖನದಲ್ಲಿ ಅದು 60ನ್ನು ಮೀರಿದರೆ ಲೇಖನವನ್ನು ಹಿಂತೆಗೆದುಕೊಳ್ಳಬೇಕು, ಎರಡು ವಾರ್ಷಿಕ ವೇತನಬಡ್ತಿಗಳೂ ಇಲ್ಲ. ಲೆಕ್ಕವೇನೋ ಅಚ್ಚುಕಟ್ಟು. ಆದರೆ ಯಂತ್ರವು ಮುಖ್ಯವಾಗಿ ಅಳೆಯುವುದು ಶಬ್ದಹರಣವನ್ನು. ವಾಕ್ಯ ಬದಲಿಸಿದ ಪ್ರತಿಬಿಂಬವು ಅದರ ಕಣ್ಣಿಗೆ ಸುಲಭವಾಗಿ ಬೀಳದು. ಇಂಗ್ಲಿಷಿನ ಇಲ್ಲವೆ ಮರಾಠಿಯ ಪ್ರಬಂಧವೊಂದನ್ನು ಮೂಲದ ಹೆಸರೆತ್ತದೆ ಕನ್ನಡಿಸಿದರೆ ಸಾಮ್ಯವು ಶೂನ್ಯವೆಂದೇ ಬರಬಹುದು. ಅವಂತಿಸುಂದರಿಯ ಪಟ್ಟಿಯ ಕೊನೆಯ ನೆಪ ಇದೇ ಅಲ್ಲವೆ? ಹೊರನಾಡಿನ ಕನ್ನಡ ಪತ್ರಿಕೆಗಳಿಗೆ ಈ ಅಪಾಯ ಹೆಚ್ಚು. ಎರಡು ಮೂರು ಭಾಷೆಗಳ ನಡುವೆ ಬಾಳುವವರಿಗೆ ಮೂಲವೂ ಕೈಯಳತೆಯಲ್ಲಿಯೇ ಇರುತ್ತದೆ.

ಹಿಡಿದ ಬಳಿಕ ಮಾಡುವುದೇನು? 1997ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕಾ ಸಂಪಾದಕರು ಕಟ್ಟಿದ ಪ್ರಕಟನನೀತಿ ಸಮಿತಿಯ ಕ್ರಮ ಸರಳವಾದುದು. ಮೊದಲು ಲೇಖಕನ ವಿವರಣೆಯನ್ನು ಕೇಳುವುದು. ಅದು ಒಪ್ಪುವಂತಿಲ್ಲದಿದ್ದರೆ ಆತನ ಸಂಸ್ಥೆಗೆ ತಿಳಿಸುವುದು. ಅಚ್ಚಾದ ಲೇಖನವನ್ನು, ಕಾರಣವನ್ನೂ ಮೂಲಕೃತಿಯನ್ನೂ ಹೆಸರಿಸಿ, ಬಹಿರಂಗವಾಗಿ ಹಿಂತೆಗೆದುಕೊಳ್ಳುವುದು. ಇದಕ್ಕೆ ಯಂತ್ರ ಬೇಡ; ಎರಡು ಭಾಷೆಗಳನ್ನೂ ಓದಿದ ಒಬ್ಬ ಸಂಪಾದಕ ಸಾಕು.