ಎಂಟಿಆರ್: ಹೋಟೆಲ್ ಮುಚ್ಚಿದಾಗ ಹುಟ್ಟಿದ ಪ್ಯಾಕೆಟ್

ನಮ್ಮೂರ ಅಂಗಡಿಯಲ್ಲೂ ಸಿಗುವ ಎಂಟಿಆರ್ ರವೆ ಇಡ್ಲಿ ಪ್ಯಾಕೆಟ್ಟಿನ ಹಿಂದೆ ಎರಡು ಕಷ್ಟಕಾಲಗಳಿವೆ. ಉಡುಪಿ ಕಡೆಯ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಸಣ್ಣ ಹೋಟೆಲ್ ಇಟ್ಟರು. ಅದೇ ಮುಂದೆ ಲಾಲ್‌ಬಾಗ್ ಹತ್ತಿರದ ಮಾವಳ್ಳಿ ಟಿಫಿನ್ ರೂಮ್ ಆಯಿತು. ಎರಡನೇ ಮಹಾಯುದ್ಧದಲ್ಲಿ ಅಕ್ಕಿಗೆ ಬರ ಬಂತು. ಆಗ ರವೆಯಲ್ಲೇ ಇಡ್ಲಿ ಮಾಡಿದೆವು ಅನ್ನುತ್ತಾರೆ ಹೋಟೆಲಿನವರು.

ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ತಿಂಡಿಗಳಿಗೆ ಕಡಿಮೆ ದರ ಗೊತ್ತುಮಾಡಿತು. ಆ ದರಕ್ಕೆ ಕೊಟ್ಟರೆ ನಷ್ಟ, ರುಚಿ ಕೆಡಿಸಲು ಮನಸ್ಸಿಲ್ಲ. ಬಾಗಿಲು ಹಾಕಿದರು. ಆದರೆ ಕೆಲಸದವರ ಹೊಟ್ಟೆ? ಅವರಿಗೆ ಕೆಲಸ ಕೊಡಲೆಂದೇ ಇಡ್ಲಿ ಮಿಕ್ಸ್, ಮಸಾಲೆ ಪುಡಿ ಮಾಡಿಸಿ ಮಾರತೊಡಗಿದರು.

ಆಮೇಲೆ ಹೋಟೆಲೂ ತೆರೆಯಿತು. ಪ್ಯಾಕೆಟ್ ವ್ಯಾಪಾರವನ್ನು 2007ರಲ್ಲಿ ನಾರ್ವೆಯ ಓರ್ಕ್ಲಾ ಕಂಪನಿ ಕೊಂಡಿತು. ನಮ್ಮ ಅಂಗಡಿಯವರಿಗೆ ಹೇಳಿದರೆ ನಂಬಲೇ ಇಲ್ಲ! ಹೋಟೆಲ್ ಮಾತ್ರ ಮಯ್ಯರ ಮನೆತನದ ಕೈಯಲ್ಲೇ ಇದೆ.